ಮಕ್ಕಳು ನಾಳಿನ ಪ್ರಜೆಗಳಲ್ಲ

ಪಠ್ಯಕ್ರಮ ರೂಪಿಸುವ ಮಾನ್ಯರಿಗೆ,

ನಮಸ್ಕಾರ.

ನಾಲ್ಕರಿಂದ ಏಳು ವರ್ಷದೊಳಗಿನ ಮಕ್ಕಳ ಜೊತೆ ಇಪ್ಪತ್ತೆರಡು ವರ್ಷ ಕಳೆದಿರುವ ಶಿಕ್ಷಕಿ ನಾನು. ಎಳೆಯ ಮಕ್ಕಳಿಗೂ ಒಳ್ಳೆಯ ಪ್ರಜೆಯಾಗುವ ಪಾಠ ಬೇಕು, ಅದಕ್ಕೊಂದು ಪುಸ್ತಕ ಬೇಕು, ವರ್ಷದ ಕೊನೆಗೆ ಪರೀಕ್ಷೆಯೂ ಇದ್ದರೆ ಒಳ್ಳೆಯದು ಎಂಬ ಮಾತು ನಿಮ್ಮಂಥವರು ಕೂರುವ ಸಭೆಗಳಲ್ಲಿ ಆಗಾಗ ಏಳುತ್ತದೆ. ಆ ಮಾತಿನ ಹಿಂದಿರುವ ಕಾಳಜಿ ನನ್ನದೂ ಹೌದು. ಆದರೆ ಆ ಪುಸ್ತಕ ಬೇಡ, ಆ ಪರೀಕ್ಷೆಯಂತೂ ಬೇಡವೇ ಬೇಡ. ಯಾಕೆ ಅಂತ ಹೇಳುವುದಕ್ಕೆ ಈ ಪತ್ರ.

‘ಇಂದಿನ ಮಕ್ಕಳೇ ನಾಳಿನ ಪ್ರಜೆಗಳು’ ಎಂದು ನಾವೆಲ್ಲ ಗೋಡೆಗಳ ಮೇಲೆ ಬರೆದಿದ್ದೇವೆ, ಭಾಷಣಗಳಲ್ಲಿ ಹೇಳಿದ್ದೇವೆ. ನಾನೂ ಹೇಳಿದವಳೇ. ಈಗ ಆ ಮಾತು ಕೇಳಿದರೆ ನನಗೆ ಕಿರಿಕಿರಿಯಾಗುತ್ತದೆ. ಪ್ರಜೆ ಎಂಬ ಪದಕ್ಕೆ ಮೂಲದಲ್ಲಿ ಸಂತಾನ, ಹುಟ್ಟಿದ ಮಕ್ಕಳು ಎಂದೇ ಅರ್ಥ. ಆಮೇಲೆ ಅದು ದೊರೆಯ ಆಳ್ವಿಕೆಯಲ್ಲಿರುವ ಜನ ಎಂದಾಯಿತು. ಇನ್ನೂ ಆಮೇಲೆ ಅದರ ಪಕ್ಕಕ್ಕೆ ಪ್ರಭುತ್ವ ಬಂದು ಕೂತು, ತನ್ನನ್ನು ತಾನೇ ಆಳಿಕೊಳ್ಳುವವರು ಎಂಬ ಅರ್ಥ ಹುಟ್ಟಿತು. ಎಳೆಯ ಮಕ್ಕಳ ವಿಷಯಕ್ಕೆ ಬಂದಾಗ ಮಾತ್ರ ನಾವು ಇನ್ನೂ ಆ ನಡುವಿನ ಅರ್ಥದಲ್ಲೇ ನಿಂತಿದ್ದೇವೆ. ಕೈ ಕಟ್ಟು, ಬಾಯಿ ಮುಚ್ಚು, ಸಾಲಾಗಿ ನಿಲ್ಲು. ಇಷ್ಟು ಮಾಡಿದ ಮಗುವಿಗೆ ಒಳ್ಳೆಯ ಮಗು ಎಂಬ ಬಿರುದು. ಆಳಿಕೊಳ್ಳುವುದನ್ನು ಕಲಿಯುವ ಕೆಲಸವನ್ನು ನಾಳೆಗೆ ತಳ್ಳಿದ್ದೇವೆ. ಆ ನಾಳೆ ಹದಿನೆಂಟು ತುಂಬಿದ ದಿನ ಬೆಳಗ್ಗೆ ಥಟ್ಟನೆ ಬರುತ್ತದೆ ಎಂದುಕೊಂಡಿದ್ದೇವೆ.

ನನ್ನ ತರಗತಿಯ ಒಂದು ಮೂರು ಗಾಲಿ ಸೈಕಲ್ಲಿನ ಕಥೆ ಹೇಳುತ್ತೇನೆ.

ಇಪ್ಪತ್ತಾರು ಮಕ್ಕಳು, ಒಂದೇ ಸೈಕಲ್. ದಿನಾ ಜಗಳ, ದಿನಾ ಅಳು. ಮೊದಲೆಲ್ಲ ನಾನೇ ಪಾಳಿ ಹಾಕಿಕೊಡುತ್ತಿದ್ದೆ. ನಾನು ಅತ್ತ ತಿರುಗಿದ ಕೂಡಲೇ ಪಾಳಿ ಮುರಿಯುತ್ತಿತ್ತು, ಯಾಕೆಂದರೆ ಅದು ನನ್ನ ಪಾಳಿ, ಅವರದ್ದಲ್ಲ. ಒಂದು ದಿನ ಸೈಕಲ್ಲನ್ನು ಕೋಣೆಯ ನಡುವೆ ತಂದು ನಿಲ್ಲಿಸಿ, ಸುತ್ತ ಎಲ್ಲರನ್ನೂ ಕೂರಿಸಿ, ‘ಏನು ಮಾಡೋಣ, ನೀವೇ ಹೇಳಿ’ ಅಂದೆ. ಹೊಳೆಯಲ್ಲಿ ಸಿಕ್ಕಿದ ನುಣ್ಣನೆಯ ಕಲ್ಲೊಂದು ನಮ್ಮಲ್ಲಿತ್ತು. ಅದು ಯಾರ ಕೈಲಿರುತ್ತದೋ ಅವರದ್ದೇ ಮಾತು, ಉಳಿದವರು ಕೇಳಬೇಕು. ಮೊದಲ ಸಲಹೆ: ಯಾರು ಮೊದಲು ಓಡಿ ಬರುತ್ತಾರೋ ಅವರಿಗೆ. ಎಲ್ಲರೂ ಒಪ್ಪಿದರು. ಮಾರನೆಯ ದಿನ ಶೂ ಲೇಸು ಕಟ್ಟಿಕೊಳ್ಳಲು ತಡವಾಗುವ ಹುಡುಗಿ ಕಲ್ಲು ಕೇಳಿ ತೆಗೆದುಕೊಂಡು, ‘ಹಾಗಾದ್ರೆ ನನಗೆ ಯಾವತ್ತೂ ಸಿಗಲ್ಲ’ ಅಂದಳು. ಅಷ್ಟೇ ಅಂದದ್ದು. ತರಗತಿ ಸುಮ್ಮನಾಯಿತು. ಆಮೇಲೆ ಹತ್ತು ಸುತ್ತು ಎಂದಾಯಿತು. ಹತ್ತು ಸುತ್ತು ಮುಗಿಯುವಷ್ಟರಲ್ಲಿ ಆಟದ ಹೊತ್ತೇ ಮುಗಿಯಿತು. ಮೂರು ಸುತ್ತು ಎಂದಾಯಿತು. ಎಣಿಸುವುದು ಯಾರು ಎಂದು ಮತ್ತೆ ಜಗಳ. ಕೊನೆಗೆ ಐದನೆಯ ದಿನ, ದಾರಕ್ಕೆ ಹೆಸರಿನ ಚೀಟಿಗಳನ್ನು ಪೋಣಿಸಿ, ಮೂರು ಸುತ್ತು ಮುಗಿಸಿದವರ ಚೀಟಿ ಕೊನೆಗೆ ಹೋಗಬೇಕು, ಮುಂದಿನ ಚೀಟಿಯವರು ಎಣಿಸಬೇಕು ಎಂದು ತೀರ್ಮಾನವಾಯಿತು. ಒಂದು ವಾರ ಕಳೆದು ಜ್ವರ ಬಂದು ಮಲಗಿದ್ದ ಹುಡುಗ ವಾಪಸು ಬಂದಾಗ ಅವನ ಪಾಳಿ ಎಲ್ಲಿ ಸೇರಿಸುವುದು ಎಂಬ ಪ್ರಶ್ನೆ ಬಂತು. ನಿಯಮವನ್ನು ಮತ್ತೆ ತಿದ್ದಿದರು.

ಇನ್ನೆರಡು ಸೈಕಲ್ ಕೊಡಿಸುತ್ತೇನೆ ಎಂದು ಒಬ್ಬ ಪೋಷಕರು ಮುಂದೆ ಬಂದರು. ಒಳ್ಳೆಯ ಮನಸ್ಸಿನವರು. ಬೇಡ ಎಂದೆ. 1907ರಲ್ಲಿ ರೋಮ್ ನಗರದ ಬಡವರ ಬಡಾವಣೆಯಲ್ಲಿ ತಮ್ಮ ಮೊದಲ ಮಕ್ಕಳ ಮನೆ ತೆರೆದ ಮಾರಿಯಾ ಮಾಂಟೆಸ್ಸರಿ ಕಲಿಕೆಯ ಸಾಮಗ್ರಿಗಳನ್ನು ಒಂದೊಂದೇ ಇಡಬೇಕೆಂದು ಹೇಳಿದ್ದು ನೆನಪಿತ್ತು. ಇನ್ನೊಬ್ಬರ ಕೈಲಿರುವುದು ಮುಗಿಯುವ ತನಕ ಕಾಯುವುದು, ಕಾಯುವಾಗ ಆ ಇನ್ನೊಬ್ಬರನ್ನು ನೋಡುವುದು. ಇದು ಪುಸ್ತಕದ ಪಾಠದಲ್ಲಿ ಸಿಗುವುದಿಲ್ಲ. ಸಿಗಬೇಕಾದರೆ ಬೇಕೆನಿಸುವ ವಸ್ತು ಒಂದೇ ಇರಬೇಕು, ಅದರ ಸುತ್ತ ಬೇರೆಯವರೂ ಇರಬೇಕು.

ಐದು ದಿನ ಒಂದು ಸೈಕಲ್ಲಿಗಾಗಿ ಹೋಯಿತಲ್ಲ, ಪಾಠ ಹಿಂದೆ ಬಿತ್ತಲ್ಲ ಎಂದು ನೀವು ಕೇಳಬಹುದು. ನಮ್ಮ ಶಾಲೆಯಲ್ಲೂ ಕೇಳಿದರು. ಮಕ್ಕಳು ಆ ಐದು ದಿನದಲ್ಲಿ ಎಣಿಸಿದರು, ಹೆಸರು ಓದಿದರು, ಕಾರಣ ಕೊಟ್ಟರು. ಅದಕ್ಕಿಂತ ಹೆಚ್ಚಾಗಿ, ನಿಯಮ ಎನ್ನುವುದು ಮೇಲಿಂದ ಬೀಳುವುದಲ್ಲ, ಕೂತು ಮಾಡುವುದು, ಯಾರಿಗಾದರೂ ಅನ್ಯಾಯವಾದರೆ ತಿದ್ದುವುದು ಎಂದು ತಿಳಿದುಕೊಂಡರು. ಈ ಕೊನೆಯದು ಸಣ್ಣ ಮಾತಲ್ಲ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಮಕ್ಕಳ ಜೊತೆ ನೆಲದ ಮೇಲೆ ಕೂತು ಗೋಲಿಯಾಟದ ನಿಯಮಗಳನ್ನು ವಿಚಾರಿಸಿ, ಕಂಡದ್ದನ್ನು 1932ರಲ್ಲಿ ಪ್ರಕಟಿಸಿದರು. ಚಿಕ್ಕ ಮಕ್ಕಳ ಪಾಲಿಗೆ ಆಟದ ನಿಯಮ ಹಿರಿಯರಿಂದಲೋ ದೇವರಿಂದಲೋ ಬಂದದ್ದು, ಮುಟ್ಟಬಾರದ್ದು. ಆದರೆ ಅದೇ ಮಕ್ಕಳು ಆಡುವಾಗ ತಮಗೆ ತೋಚಿದಂತೆ ಆಡುತ್ತಿದ್ದರು. ನಿಯಮ ಎಲ್ಲರೂ ಒಪ್ಪಿ ಮಾಡಿಕೊಂಡದ್ದು, ಒಪ್ಪಿದರೆ ಬದಲಿಸಬಹುದು ಎಂಬ ತಿಳಿವಳಿಕೆ ಹತ್ತು ವರ್ಷದ ಆಸುಪಾಸಿಗೆ ಬಂದಾಗ, ಆ ಮಕ್ಕಳೇ ನಿಯಮವನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದರು. ಪೂಜೆ ಮಾಡುವವರು ಮುರಿಯುತ್ತಾರೆ, ಮಾಡಿಕೊಂಡವರು ಉಳಿಸಿಕೊಳ್ಳುತ್ತಾರೆ. ಐದು ವರ್ಷದವರಿಗೂ ತಕ್ಕಮಟ್ಟಿಗೆ ಇದು ಸಾಧ್ಯ ಎಂದು ನನ್ನ ಅನುಭವ ಹೇಳುತ್ತದೆ. ನಿಯಮ ಅವರ ಕಣ್ಣೆದುರಿಗಿನ ವಸ್ತುವಿನ ಬಗ್ಗೆ ಇದ್ದರೆ ಸಾಕು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತೇವೆ. ನನಗೆ ಈ ಗಾದೆಯ ಜೊತೆ ಬಹಳ ವರ್ಷದ ತಕರಾರು. ನಮಗೆ ಬೇಕಾದದ್ದು ಬಗ್ಗಿದ ಮರವೇ? ಗಿಡವಾಗಿದ್ದಾಗಲೇ ಬಗ್ಗುವುದನ್ನು ಕಲಿತದ್ದು, ಮುಂದೆ ಯಾರು ಎಳೆದರೂ ಅವರ ಕಡೆಗೆ ಬಗ್ಗುತ್ತದೆ. ಒಳ್ಳೆಯವರೇ ಎಳೆಯುತ್ತಾರೆ ಎಂದು ಯಾರೂ ಬರೆದುಕೊಟ್ಟಿಲ್ಲ.

ಇನ್ನು ಬಹುಮಾನದ ವಿಷಯ. ಸಹಾಯ ಮಾಡಿದರೆ ಒಂದು ಸ್ಟಾರ್, ಕಸ ಬುಟ್ಟಿಗೆ ಹಾಕಿದರೆ ಒಂದು ಸ್ಟಾರ್, ಹತ್ತು ಸ್ಟಾರ್ ಆದರೆ ಒಂದು ಪದಕ. ನಾನೂ ಅಂಟಿಸಿದ್ದೇನೆ. ಮಕ್ಕಳಿಗೆ ಒಳ್ಳೆಯತನವನ್ನು ನಾವೇ ತುಂಬಬೇಕು ಎಂಬ ನಂಬಿಕೆಯಿಂದ ಇದು ಹುಟ್ಟುತ್ತದೆ. ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೇಲ್ ಟೊಮಾಸೆಲೊ ಎಂಬ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದ್ದದ್ದು ಹದಿನೆಂಟು ತಿಂಗಳ ಕೂಸುಗಳು. ಗುರುತಿಲ್ಲದ ಒಬ್ಬ ದೊಡ್ಡವರ ಕೈಯಿಂದ ಬಟ್ಟೆಯ ಕ್ಲಿಪ್ಪು ಜಾರಿ ಬೀಳುತ್ತದೆ, ಕೈ ಚಾಚಿದರೂ ಎಟಕುವುದಿಲ್ಲ. ಕೂಸು ತಪ್ಪುಹೆಜ್ಜೆ ಇಡುತ್ತ ಹೋಗಿ ಎತ್ತಿಕೊಡುತ್ತದೆ. ಯಾರೂ ಕೇಳಿಲ್ಲ, ಶಹಬ್ಬಾಸ್ ಎಂದಿಲ್ಲ. 24 ಮಕ್ಕಳಲ್ಲಿ 22 ಮಕ್ಕಳು ಒಂದಿಲ್ಲೊಂದು ಸಂದರ್ಭದಲ್ಲಿ ಹೀಗೆ ನೆರವಾದರು. ಎರಡು ವರ್ಷದ ನಂತರ ಅದೇ ಸಂಶೋಧಕರು ಇಪ್ಪತ್ತು ತಿಂಗಳ ಮಕ್ಕಳನ್ನು ನೋಡಿದರು. ಸಹಾಯ ಮಾಡಿದಾಗಲೆಲ್ಲ ವಸ್ತುವಿನ ಬಹುಮಾನ ಪಡೆದ ಮಕ್ಕಳು, ಬಹುಮಾನ ನಿಂತ ಮೇಲೆ ಉಳಿದವರಿಗಿಂತ ಕಡಿಮೆ ಸಹಾಯ ಮಾಡಿದರು. ಇದ್ದದ್ದನ್ನು ನಾವೇ ಕೊಂಡುಕೊಂಡು ಖಾಲಿ ಮಾಡಿದ ಹಾಗಾಯಿತು. ಇದನ್ನು ಓದಿದ ವಾರ ನಾನು ಸ್ಟಾರ್‌ಗಳ ಹಾಳೆಯನ್ನು ಗೋಡೆಯಿಂದ ತೆಗೆದೆ. ಮೊದಲ ಕೆಲವು ದಿನ ಮಕ್ಕಳು ಬರಿಗೋಡೆಯನ್ನು ನೋಡುತ್ತಿದ್ದರು. ಆಮೇಲೆ ಗಿಡಕ್ಕೆ ನೀರು ಹಾಕಿ, ಹಾಕಿದ್ದನ್ನು ನನಗೆ ಬಂದು ಹೇಳುವುದನ್ನೇ ಮರೆತರು. ಆ ಮರೆವು ನನಗೆ ಬಹಳ ಸಂತೋಷ ಕೊಟ್ಟಿತು.

ಚಾಡಿಯ ವಿಷಯ ಇದಕ್ಕಿಂತ ಕಷ್ಟದ್ದು. ದಿನಕ್ಕೆ ನಲವತ್ತು ಸಲ ‘ಟೀಚರ್, ಅವನು ನೋಡಿ’ ಎಂದು ಬರುತ್ತಾರೆ. ‘ಚಾಡಿ ಹೇಳಬೇಡ, ಹೋಗಿ ಕೂತ್ಕೋ’ ಎಂದುಬಿಡುವುದು ಸುಲಭ. ಆದರೆ ಚಾಡಿ ಬೇರೆ, ದೂರು ಬೇರೆ. ನಮ್ಮ ಭಾಷೆಯಲ್ಲಿ ಎರಡಕ್ಕೂ ಬೇರೆ ಬೇರೆ ಪದ ಇದ್ದೂ ನಾವು ಮಕ್ಕಳಿಗೆ ಎರಡನ್ನೂ ಕಲಸಿ ಕೊಡುತ್ತೇವೆ. ಇನ್ನೊಬ್ಬನಿಗೆ ಪೆಟ್ಟು ಬೀಳಲಿ ಎಂದು ಹೇಳುವುದು ಚಾಡಿ. ಪೆಟ್ಟು ಬೀಳುತ್ತಿರುವುದನ್ನು ನಿಲ್ಲಿಸಿ ಎಂದು ಹೇಳುವುದು ದೂರು. ಎರಡಕ್ಕೂ ಒಂದೇ ಗದರಿಕೆ ಸಿಕ್ಕಿದ ಮಗು, ತನಗೆ ಅಥವಾ ಪಕ್ಕದವನಿಗೆ ನಿಜಕ್ಕೂ ಕೆಟ್ಟದ್ದಾದಾಗಲೂ ಬಾಯಿ ಬಿಡುವುದಿಲ್ಲ. ಅದೇ ಹೊತ್ತಿಗೆ, ನಾವು ಕೋಣೆಯಿಂದ ಹೊರಗೆ ಹೋಗುವಾಗ ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯಲು ಒಬ್ಬ ಮಗುವನ್ನು ನಿಲ್ಲಿಸುತ್ತೇವೆ. ಅಂದರೆ ದೂರನ್ನು ಚಾಡಿ ಎಂದು ಬೈಯುತ್ತೇವೆ, ಚಾಡಿಗೆ ಸೀಮೆಸುಣ್ಣ ಕೊಟ್ಟು ಅಧಿಕಾರ ಮಾಡುತ್ತೇವೆ. ನನ್ನ ತರಗತಿಯಲ್ಲಿ ಈಗ ಒಂದೇ ಪ್ರಶ್ನೆ: ‘ಅವನಿಗೆ ಬೈಯಬೇಕು ಅಂತ ಬಂದೆಯಾ, ಯಾರಿಗಾದರೂ ಸಹಾಯ ಬೇಕು ಅಂತ ಬಂದೆಯಾ?’ ನಾಲ್ಕು ವರ್ಷದವರೂ ಒಂದು ಕ್ಷಣ ನಿಂತು ಯೋಚಿಸುತ್ತಾರೆ. ಕೆಲವರು ಉತ್ತರ ಕೊಡದೆ ವಾಪಸು ಆಟಕ್ಕೆ ಓಡುತ್ತಾರೆ. ಕೆಲವರು ನನ್ನ ಕೈ ಹಿಡಿದು ಎಳೆದುಕೊಂಡು ಹೋಗುತ್ತಾರೆ. ಹಾಗೆ ಎಳೆದಾಗ ನಾನು ಹೋಗಲೇಬೇಕು, ಕೈಲಿ ಯಾವ ಕೆಲಸವಿದ್ದರೂ ಬಿಟ್ಟು.

ಈಗ ನನ್ನ ತಪ್ಪೊಂದನ್ನು ಹೇಳಬೇಕು. ಅದನ್ನು ಹೇಳದೆ ಉಳಿದದ್ದನ್ನು ಹೇಳುವ ಹಕ್ಕು ನನಗಿಲ್ಲ.

ತರಗತಿಯ ಭೂತಗನ್ನಡಿ ಒಮ್ಮೆ ಕಾಣೆಯಾಯಿತು. ಅದನ್ನು ತುಂಬ ಇಷ್ಟಪಡುತ್ತಿದ್ದ, ಆಗಾಗ ಜೇಬಿಗೆ ಹಾಕಿಕೊಳ್ಳುತ್ತಿದ್ದ ಒಬ್ಬ ಹುಡುಗನ ಮೇಲೆ ನನಗೆ ಅನುಮಾನ. ಎಲ್ಲರೆದುರು ಅವನ ಚೀಲ ತೆಗೆದು ಸುರಿದೆ. ಸಿಗಲಿಲ್ಲ. ‘ಎಲ್ಲಿ ಬಚ್ಚಿಟ್ಟೆ’ ಎಂದು ಗದರಿದೆ. ಮಧ್ಯಾಹ್ನ ಅದು ನನ್ನದೇ ಮೇಜಿನ ಖಾನೆಯಲ್ಲಿ ಸಿಕ್ಕಿತು. ಹಿಂದಿನ ದಿನ ನಾನೇ ಇಟ್ಟಿದ್ದೆ. ಹುಡುಗನನ್ನು ಪಕ್ಕಕ್ಕೆ ಕರೆದು, ತಪ್ಪಾಯಿತು ಕಣೋ ಎಂದೆ. ಅವನು ನೆಲ ನೋಡುತ್ತ, ‘ಬೈದಿದ್ದು ಎಲ್ಲರ ಮುಂದೆ’ ಅಂದ.

ಐದೂವರೆ ವರ್ಷ ಅವನಿಗೆ. ನ್ಯಾಯದ ಬಗ್ಗೆ ನಾನು ಕೇಳಿದ ಅತ್ಯಂತ ನೇರವಾದ ಮಾತು ಅದು. ಮಾರನೆಯ ದಿನ ಎಲ್ಲರನ್ನೂ ಕೂರಿಸಿ, ಕಲ್ಲು ಕೈಲಿ ಹಿಡಿದು, ಏನಾಯಿತೆಂದು ಹೇಳಿ ಕ್ಷಮೆ ಕೇಳಿದೆ. ನನ್ನ ಗಂಟಲು ಕಟ್ಟಿತ್ತು. ಅವನು ‘ಸರಿ’ ಅಂದ, ಅಷ್ಟೇ. ಇನ್ನೊಬ್ಬಳು ಕಲ್ಲು ಕೇಳಿ, ‘ಇನ್ಮೇಲೆ ಯಾರ ಬ್ಯಾಗನ್ನೂ ಅವರನ್ನ ಕೇಳ್ದೆ ತೆಗೀಬಾರ್ದು ಅಂತ ಬರೀರಿ ಟೀಚರ್’ ಅಂದಳು. ಬರೆದೆ. ನಮ್ಮ ಗೋಡೆಯ ಮೇಲಿನ ನಿಯಮಗಳಲ್ಲಿ ನನಗಾಗಿ ಮಾಡಿದ ಮೊದಲ ನಿಯಮ ಅದು.

ಇದರಲ್ಲಿ ಹೊಸದೇನೂ ಇಲ್ಲ. 1912ರಲ್ಲಿ ವಾರ್ಸಾ ನಗರದಲ್ಲಿ ಅನಾಥ ಮಕ್ಕಳ ಮನೆಯೊಂದನ್ನು ನಡೆಸಲು ಆರಂಭಿಸಿದ ವೈದ್ಯ ಯಾನುಶ್ ಕೊರ್ಚಾಕ್ ಅಲ್ಲಿ ಮಕ್ಕಳದ್ದೇ ನ್ಯಾಯಾಲಯ ಕಟ್ಟಿದರು. ನ್ಯಾಯಾಧೀಶರೂ ಮಕ್ಕಳೇ. ಯಾವ ಮಗು ಬೇಕಾದರೂ ಯಾರ ಮೇಲೆ ಬೇಕಾದರೂ ದೂರು ಕೊಡಬಹುದಿತ್ತು, ದೊಡ್ಡವರ ಮೇಲೆ ಕೂಡ. ಅಲ್ಲಿನ ಕಾನೂನಿನ ಮೊದಲ 99 ಕಲಮುಗಳು ಬಿಟ್ಟುಕೊಡುವ, ಕ್ಷಮಿಸುವ ಕಲಮುಗಳು. ತಿಳಿಯದೆ ಮಾಡಿದ್ದರೆ ಈಗ ತಿಳಿಯಿತಲ್ಲ, ಬೇಕೆಂದೇ ಮಾಡಿದ್ದರೆ ಇನ್ನು ತಿದ್ದಿಕೊಳ್ಳಲಿ ಎಂಬುದು ಅದರ ಆಶಯ. ಆರು ತಿಂಗಳಲ್ಲಿ ಐದು ಸಲ ಕೊರ್ಚಾಕ್ ತಾವೇ ಆ ಮಕ್ಕಳೆದುರು ಆರೋಪಿಯಾಗಿ ನಿಂತರು. ಹುಡುಗಿಯೊಬ್ಬಳ ಮೇಲೆ ಕಳ್ಳತನದ ಅನುಮಾನ ಪಟ್ಟದ್ದು ಆ ಐದರಲ್ಲಿ ಒಂದು. ಭೂತಗನ್ನಡಿಯ ಘಟನೆಯಾದ ಎಷ್ಟೋ ವರ್ಷದ ಮೇಲೆ ನಾನು ಇದನ್ನು ಓದಿ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿ ಕೂತಿದ್ದೆ. 1942ರ ಆಗಸ್ಟಿನಲ್ಲಿ ನಾಜಿಗಳು ಆ ಮನೆಯ ಮಕ್ಕಳನ್ನು ಟ್ರೆಬ್ಲಿಂಕಾ ಸಾವಿನ ಶಿಬಿರಕ್ಕೆ ಸಾಗಿಸಿದಾಗ, ಕೊರ್ಚಾಕ್ ತಾವೂ ಮಕ್ಕಳ ಜೊತೆಯಲ್ಲೇ ಹೋದರು, ವಾಪಸು ಬರಲಿಲ್ಲ.

ಹಾಗಾದರೆ ಎಲ್ಲವನ್ನೂ ಮಕ್ಕಳ ಮತಕ್ಕೆ ಬಿಟ್ಟುಬಿಡಬೇಕೇ? ಇಲ್ಲ. ಇದನ್ನು ನಾನು ಪೆಟ್ಟು ತಿಂದು ಕಲಿತೆ. ಒಂದು ವರ್ಷ ಕೈ ಎತ್ತಿಸಿ ಎಲ್ಲವನ್ನೂ ತೀರ್ಮಾನಿಸುವ ಹುಮ್ಮಸ್ಸು ನನ್ನದು. ಒಬ್ಬಳ ಮೇಲೆ ಟೂ ಬಿಟ್ಟಿದ್ದ ನಾಲ್ಕು ಮಕ್ಕಳು, ಅವಳನ್ನು ಮನೆಯಾಟಕ್ಕೆ ಸೇರಿಸಿಕೊಳ್ಳಬೇಕೋ ಬೇಡವೋ, ಕೈ ಎತ್ತಿಸಿ ಎಂದು ನನ್ನ ಬಳಿ ಬಂದರು. ನನ್ನದೇ ಪಾಠ, ನನ್ನ ಮುಖಕ್ಕೆ. ಹೆಚ್ಚು ಕೈಗಳು ಸೇರಿ ಒಬ್ಬರನ್ನು ಹೊರಗೆ ಹಾಕುವುದು ಎಷ್ಟು ಸುಲಭ ಎಂದು ಅವತ್ತು ಕಂಡೆ. ಅಮೆರಿಕದ ಶಿಶುವಿಹಾರದ ಶಿಕ್ಷಕಿ ವಿವಿಯನ್ ಪೇಲಿ ಇದೇ ಪ್ರಶ್ನೆಯನ್ನು ತಮ್ಮ ಪುಟಾಣಿಗಳ ಜೊತೆಗೂ ಮೇಲಿನ ತರಗತಿಯ ಮಕ್ಕಳ ಜೊತೆಗೂ ತಿಂಗಳುಗಟ್ಟಲೆ ಚರ್ಚಿಸಿ, ಕೊನೆಗೆ, ಯಾರನ್ನೂ ಆಟಕ್ಕೆ ಬರಬೇಡ ಎನ್ನುವಂತಿಲ್ಲ ಎಂಬ ನಿಯಮವನ್ನು ತಾವೇ ತಂದರು. ಪಾಳಿ ಹೇಗೆ, ಗಿಡಕ್ಕೆ ನೀರು ಯಾರು, ಕಥೆ ಯಾವುದು, ಇವು ಮಕ್ಕಳ ಮತಕ್ಕೆ. ಯಾರು ನಮ್ಮವರು ಎಂಬುದು ಯಾರ ಮತಕ್ಕೂ ಅಲ್ಲ. ಈ ಗೆರೆಯನ್ನು ದೊಡ್ಡವರೇ ಎಳೆಯಬೇಕು, ಯಾಕೆ ಎಳೆದೆವು ಎಂದು ಮಕ್ಕಳಿಗೆ ಹೇಳಬೇಕು.

ನೀತಿಕಥೆಗಳ ಬಗ್ಗೆಯೂ ಒಂದು ಮಾತು, ನೀವು ತರಬೇಕೆನ್ನುವ ಪುಸ್ತಕದ ತುಂಬ ಅವೇ ಇರುತ್ತವಲ್ಲ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮೂರರಿಂದ ಏಳು ವರ್ಷದ ಮಕ್ಕಳಿಗೆ, ಆಟಿಕೆಯನ್ನು ಇಣುಕಿ ನೋಡಬೇಡ ಎಂದು ಹೇಳಿ ಒಬ್ಬರನ್ನೇ ಬಿಟ್ಟರು. ಆಮೇಲೆ ಒಂದು ಕಥೆ ಓದಿ, ಇಣುಕಿದೆಯಾ ಎಂದು ಕೇಳಿದರು. ಸುಳ್ಳು ಹೇಳಿದ್ದಕ್ಕೆ ಶಿಕ್ಷೆಯಾಗುವ ಕಥೆಗಳು, ನಾವೆಲ್ಲ ಹೇಳುವ ‘ತೋಳ ಬಂತು ತೋಳ’ ಕೂಡ, ಮಕ್ಕಳ ಸುಳ್ಳನ್ನು ಕಡಿಮೆ ಮಾಡಲಿಲ್ಲ. ಮರ ಕಡಿದದ್ದನ್ನು ಒಪ್ಪಿಕೊಂಡು ಅಪ್ಪನ ಮೆಚ್ಚುಗೆ ಪಡೆಯುವ ಹುಡುಗನ ಕಥೆ ಕೇಳಿದವರು ಹೆಚ್ಚು ನಿಜ ಹೇಳಿದರು. ಹೆದರಿಸುವ ಪಾಠಗಳನ್ನು ಬರೆಸುವ ಮುಂಚೆ ಇದನ್ನು ದಯವಿಟ್ಟು ಗಮನಿಸಿ.

ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ವಿಶ್ವಸಂಸ್ಥೆ ಒಪ್ಪಿದ್ದು 1989ರ ನವೆಂಬರ್ 20ರಂದು. ತನಗೆ ಸಂಬಂಧಿಸಿದ ಎಲ್ಲ ವಿಷಯಗಳಲ್ಲಿ ಮಗು ತನ್ನ ಅಭಿಪ್ರಾಯ ಹೇಳಬಹುದು, ವಯಸ್ಸಿಗೂ ಪ್ರಬುದ್ಧತೆಗೂ ತಕ್ಕಂತೆ ಅದಕ್ಕೆ ಬೆಲೆ ಕೊಡಬೇಕು ಎನ್ನುತ್ತದೆ ಅದರ 12ನೆಯ ವಿಧಿ. ಎಳೆಯ ಮಕ್ಕಳಿಗೆ ಇದು ಅನ್ವಯಿಸುವುದಿಲ್ಲ ಎಂದು ಯಾರೂ ಹೇಳಬಾರದೆಂದು 2005ರಲ್ಲಿ ಆ ಒಡಂಬಡಿಕೆಯ ಸಮಿತಿ ಬಿಡಿಸಿಯೂ ಹೇಳಿದೆ. ಮಾತು ಬರುವ ಮುಂಚಿನಿಂದಲೂ ಮಕ್ಕಳು ತಮ್ಮ ಇಷ್ಟಾನಿಷ್ಟಗಳನ್ನು ತಿಳಿಸುತ್ತಾರೆ, ಕೇಳಿಸಿಕೊಳ್ಳುವವರು ಬೇಕು. ಹೀಗಿರುವಾಗ ‘ನಾಳಿನ’ ಎಂಬ ವಿಶೇಷಣ ಎಲ್ಲಿಂದ ಬಂತು?

ನನ್ನ ಬೇಡಿಕೆ ದೊಡ್ಡದಲ್ಲ. ಎಳೆಯರ ವೇಳಾಪಟ್ಟಿಯಲ್ಲಿ ದಿನಕ್ಕೆ ಇಪ್ಪತ್ತು ನಿಮಿಷ ಬಿಡಿ, ಎಲ್ಲರೂ ವೃತ್ತವಾಗಿ ಕೂತು ತಮ್ಮ ತರಗತಿಯ ವಿಷಯ ಮಾತಾಡಲು. ಆ ಇಪ್ಪತ್ತು ನಿಮಿಷದಲ್ಲಿ ಏನಾಯಿತೆಂದು ವರದಿ ಬರೆಸಬೇಡಿ, ಬರೆಸಿದರೆ ಅದು ವರದಿಗಾಗಿಯೇ ನಡೆಯುತ್ತದೆ. ಒಳ್ಳೆಯ ನಡತೆಗೆ ಅಂಕ ಬೇಡ. ಆರು ವರ್ಷದ ಮಗುವಿನ ಹಾಳೆಯ ಮೇಲೆ ‘ಸಹಕಾರ ಮನೋಭಾವ: ಸಾಧಾರಣ’ ಎಂದು ಬರೆಯುವಾಗ ನನ್ನ ಕೈ ನಡುಗಿದೆ. ಒಂದು ತರಗತಿಗೆ ನಲವತ್ತು ಐವತ್ತು ಮಕ್ಕಳನ್ನು ತುಂಬಿ, ಪ್ರತಿಯೊಬ್ಬರ ಮಾತನ್ನೂ ಕೇಳು ಎಂದರೆ ಅದು ಆಗದ ಕೆಲಸ, ಆ ಲೆಕ್ಕವನ್ನು ನೀವೇ ಸರಿಪಡಿಸಬೇಕು. ಹೊಸ ಪುಸ್ತಕಕ್ಕೆ ತೆಗೆದಿಟ್ಟ ಹಣವನ್ನು ಶಿಕ್ಷಕರ ತರಬೇತಿಗೆ ಕೊಡಿ. ಮಕ್ಕಳ ಜಗಳದ ನಡುವೆ ಕೂರುವುದು, ತೀರ್ಪು ಕೊಡದೆ ಕೇಳುವುದು ಕಲಿಯಬೇಕಾದ ಕೆಲಸವೇ, ಹುಟ್ಟಿನಿಂದ ಬರುವುದಲ್ಲ. ಆ ತರಬೇತಿಯಲ್ಲಿ ನಮ್ಮ ಮಾತನ್ನೂ ಯಾರಾದರೂ ಕೇಳಲಿ. ಮೇಲಿನಿಂದ ಆದೇಶವೊಂದೇ ಬರುತ್ತಿರುವ ಕಡೆ ಶಿಕ್ಷಕಿ ಮಕ್ಕಳಿಗೆ ಆದೇಶವನ್ನಲ್ಲದೆ ಬೇರೇನನ್ನು ದಾಟಿಸಿಯಾಳು?

ಅಪ್ಪ ಅಮ್ಮಂದಿರಿಗೂ ಈ ಪತ್ರ ತಲುಪಿದರೆ, ಅವರಲ್ಲಿ ಒಂದೇ ವಿನಂತಿ. ಮನೆಯಲ್ಲಿ ಮಗುವಿಗೆ ನಿಜವಾದ ಕೆಲಸವೊಂದನ್ನು ಕೊಡಿ, ಅದು ಮಾಡದಿದ್ದರೆ ಮನೆಗೆ ತೊಂದರೆಯಾಗುವಂಥದ್ದು. ನೀವು ತಪ್ಪು ಮಾಡಿದಾಗ ಅದರ ಕಿವಿಗೆ ಬೀಳುವಂತೆ ಒಪ್ಪಿಕೊಳ್ಳಿ.

ಪುಸ್ತಕದ ತೀರ್ಮಾನ ತೆಗೆದುಕೊಳ್ಳುವ ಮುಂಚೆ ಎಳೆಯರ ತರಗತಿಯೊಂದಕ್ಕೆ ಒಂದು ಬೆಳಗ್ಗೆ ಬನ್ನಿ. ನನ್ನದಕ್ಕೇ ಆಗಬೇಕೆಂದಿಲ್ಲ, ಬಂದರೆ ಸಂತೋಷ. ಮುಂಚೆ ತಿಳಿಸಬೇಕಾಗಿಲ್ಲ. ಹಾರ, ಭಾಷಣ ಏನೂ ಇರುವುದಿಲ್ಲ, ಮಕ್ಕಳ ಜೊತೆ ನೆಲದ ಮೇಲೆ ಕೂರಬೇಕಾಗುತ್ತದೆ. ಕಲ್ಲು ಎಡಗಡೆಯಿಂದ ಸುತ್ತಿ ಬರುತ್ತದೆ. ಈ ವರ್ಷದ ಮಕ್ಕಳಲ್ಲಿ ಇಬ್ಬರು ಬಹಳ ನಿಧಾನವಾಗಿ ಮಾತಾಡುವವರು, ನಡುವೆ ಬಾಯಿ ಹಾಕದೆ ಕಾಯಬೇಕು. ನಿಮ್ಮ ಕೈಗೆ ಬಂದಾಗ, ನೀವು ಯಾಕೆ ಬಂದಿರಿ ಎಂದು ಅವರಿಗೆ ಹೇಳಿ.

ಇಂತಿ,
ಎಳೆಯ ಮಕ್ಕಳ ಒಬ್ಬ ಶಿಕ್ಷಕಿ